ಅಳತೆ ಚೀಟಿ ಎತ್ತಿದ ಗಿಣಿ

ಬಾಗಿಲು ತೆಗೆದಿಟ್ಟರೂ ಹೊರಗೆ ಬಾರದ ಗಿಣಿಯನ್ನು ನೋಡಿ ನಗುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬ್ಲೌಸ್ ಹೊಲಿಸಲು ನಮ್ಮ ಮನೆಗೆ ಬರುವ ಹೆಂಗಸರಲ್ಲಿ ನಗದೆ ಹೋದವರು ಕಡಿಮೆ. "ಎಷ್ಟ್ ಸೋಮಾರಿ ನೋಡಿ ಇದು" ಅನ್ನುವವರು ಕೆಲವರು. ಇಂದಿರಾನಗರದಿಂದ ಕಾರಿನಲ್ಲಿ ಬರುವವರು ಫೋನ್ ಎತ್ತಿ ಫೋಟೊ ಹೊಡೆದುಕೊಂಡು, "ಸೋ ಕ್ಯೂಟ್. ಅದಕ್ಕೆ ಅದರ ಮನೇನೇ ಇಷ್ಟ ಅಲ್ವಾ ಆಂಟಿ?" ಎಂದು ಕೇಳುತ್ತಿದ್ದರು. ಅದು ಮನೆಯಲ್ಲ, ಮರದ ಡಬ್ಬಿ. ನನ್ನ ಕತ್ತರಿಯನ್ನು ಅಡ್ಡ ಇಟ್ಟರೆ ಅದರೊಳಗೆ ಹಿಡಿಸುವುದಿಲ್ಲ. ಅಷ್ಟು ಜಾಗದಲ್ಲಿ ಬಾಲ ಮಡಿಸಿಕೊಂಡು ವರ್ಷಗಟ್ಟಲೆ ಕೂತ ಜೀವಕ್ಕೆ ಇಷ್ಟ, ಕಷ್ಟ ಅಂತ ಯಾರು ಕೇಳಿದ್ದರು?

ಹಲಸೂರಿನ ಹಳೆಯ ಗಲ್ಲಿಯೊಂದರಲ್ಲಿ ಸಾಲಾಗಿ ಏಳು ಕೋಣೆಗಳಿರುವ ಕಾಂಪೌಂಡಿನಲ್ಲಿ ನಾವು ಬಾಡಿಗೆಗೆ ಇದ್ದೇವೆ. ನಾವೆಂದರೆ ನಾನು ಮತ್ತು ನನ್ನ ಗಂಡ. ಇಬ್ಬರೂ ಯಾದಗಿರಿ ಕಡೆಯವರು. ಅವರು ಕಾಕ್ಸ್ ಟೌನಿನ ಒಂದು ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುತ್ತಾರೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ನನ್ನ ಹೊಲಿಗೆ ಯಂತ್ರ. ಸಾಲಿನ ಕೊನೆಯ ಕೋಣೆಯಲ್ಲಿ ಗಿಣಿ ಶಾಸ್ತ್ರ ಹೇಳುವ ತಾತನೊಬ್ಬರಿದ್ದರು. ದಿನಾ ಬೆಳಿಗ್ಗೆ ಡಬ್ಬಿ, ಚಾಪೆ, ಬಣ್ಣದ ಚಿತ್ರಗಳ ಚೀಟಿಕಟ್ಟು ಹಿಡಿದು ಹೋಗಿ ಮೆಟ್ರೊ ಕಂಬದ ನೆರಳಿನಲ್ಲಿ ಕೂರುತ್ತಿದ್ದರು. ಯಾರಾದರೂ ಎದುರಿಗೆ ಕೂತರೆ ಡಬ್ಬಿಯ ಬಾಗಿಲನ್ನು ಮೇಲಕ್ಕೆಳೆದು, "ವಾ ತಾಯಿ, ವಾ. ಅಮ್ಮನ ಹೆಸರಿಗೆ ಒಳ್ಳೇ ಚೀಟಿ ಒಂದು ತೆಗಿ" ಎಂದು ತಮಿಳು ಬೆರೆಸಿ ಕರೆಯುವರು. ಗಿಣಿ ಹೊರಗೆ ಬಂದು, ಚೀಟಿಗಳ ಸಾಲಿನಿಂದ ಒಂದನ್ನು ಕೊಕ್ಕಿನಲ್ಲಿ ಎಳೆದು ಅವರ ಕೈಗೆ ಕೊಟ್ಟು, ಒಂದು ಕಾಳು ಭತ್ತ ತಿಂದು, ತಾನೇ ಒಳಗೆ ಹೋಗುತ್ತಿತ್ತು. ಬಾಗಿಲು ಬೀಳುತ್ತಿತ್ತು. ಇದನ್ನು ನಾನೂ ಹಲವು ಸಲ ನಿಂತು ನೋಡಿದ್ದೇನೆ, ಚೆನ್ನಾಗಿದೆ ಅಂದುಕೊಂಡಿದ್ದೇನೆ. ಆ ಮಾತನ್ನು ಮುಚ್ಚಿಡುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ತಾತನ ಮಂಡಿ ಕೈಕೊಟ್ಟಿತು. ಹೊಸೂರಿನ ಕಡೆ ಇರುವ ಮಗಳು ಬಂದು ಕರೆದುಕೊಂಡು ಹೊರಟಳು. ಆಟೊ ಹತ್ತುವ ಮುಂಚೆ ತಾತ ಡಬ್ಬಿಯನ್ನು ನನ್ನ ಹೊಸ್ತಿಲ ಮೇಲೆ ಇಟ್ಟು, "ಹದಿನೈದು ದಿನ ನೋಡ್ಕೊಮ್ಮಾ. ಮಗಳ ಮನೇಲಿ ಬೆಕ್ಕಿದೆ" ಅಂದರು. ಹದಿನೈದು ದಿನ ಆಯಿತು, ಯುಗಾದಿಯೂ ಆಯಿತು. ಫೋನ್ ಮಾಡಿದರೆ, "ಬರ್ತೀನಮ್ಮಾ, ಬರ್ತೀನಿ" ಎಂಬ ಒಂದೇ ಮಾತು. ಒಂದು ಜೀವವನ್ನು ಹೀಗೆ ಚಪ್ಪಲಿ ಬಿಟ್ಟುಹೋದ ಹಾಗೆ ಬಿಟ್ಟು ಹೋಗುವುದೇ?

ಮೊದಲ ದಿನವೇ ನಾನು ಬಾಗಿಲನ್ನು ಮೇಲಕ್ಕೆಳೆದು, ಮತ್ತೆ ಬೀಳದ ಹಾಗೆ ಪಿನ್ ಚುಚ್ಚಿದೆ. ಇನ್ನು ಅದರ ಇಷ್ಟ, ಮನೆಯೆಲ್ಲಾ ಓಡಾಡಿಕೊಂಡಿರಲಿ ಎಂದುಕೊಂಡೆ. ಗಿಣಿ ಹಿಂದಿನ ಹಲಗೆಗೆ ಅಂಟಿಕೊಂಡು ಕೂತಿತು. ಮೆಣಸಿನಕಾಯಿ ಇಟ್ಟೆ, ಬರಲಿಲ್ಲ. ಸೀಬೆಹಣ್ಣು ಹೆಚ್ಚಿ ಒಂದು ಗೇಣು ದೂರದಲ್ಲಿಟ್ಟರೆ ಕತ್ತು ಚಾಚಿ ನೋಡಿತೇ ಹೊರತು ಕಾಲು ಹೊರಗಿಡಲಿಲ್ಲ. ಕೈ ಹಾಕಿ ತೆಗೆಯೋಣವೆಂದು ಹೋದೆ. ಹೆಬ್ಬೆರಳನ್ನು ಕಚ್ಚಿ ಹಿಡಿದ ಗುರುತು ಇನ್ನೂ ಇದೆ. ತಪ್ಪು ನನ್ನದೇ. ಅದಾದ ಮೇಲೆ ನಾನು ಎಂದೂ ಆ ಡಬ್ಬಿಯೊಳಗೆ ಕೈ ಹಾಕಲಿಲ್ಲ. ಡಬ್ಬಿಯ ಬಾಯಂಚಿನಲ್ಲಿ ಇಟ್ಟ ಕಾಳನ್ನು ರಾತ್ರಿ ದೀಪ ಆರಿಸಿದ ಮೇಲೆ ತಿನ್ನುತ್ತಿತ್ತು.

ದೊಡ್ಡ ಪಂಜರ ತಂದರೆ ಬರಬಹುದೆಂದು ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ ಪಂಜರ ಮಾರುವವನು ಕತೆಯನ್ನೆಲ್ಲಾ ಕೇಳಿ, "ಎರಡು ದಿನ ದಾನಾ ಹಾಕ್ಬೇಡಿ ಅಕ್ಕಾ. ಭೂಕ್ ಆದ್ರೆ ತಾನೇ ಬರುತ್ತೆ" ಅಂದ. ಅವನ ಅಂಗಡಿಯ ಮುಂದೆ ಒಂದರ ಮೇಲೊಂದು ಪೇರಿಸಿದ್ದ ಪಂಜರಗಳನ್ನು ನೋಡಿ ಮಾತು ಬೇಡವೆನಿಸಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ನಿಮ್ಮನ್ನ ಎರಡು ದಿನ ಉಪವಾಸ ಕೆಡವಿದರೆ ನೀವು ಯಾರನ್ನ ನಂಬ್ತೀರ ಅಣ್ಣಾ?" ಎಂದು ಕೇಳಿ ಬಂದೆ. ಪಂಜರ ತರಲಿಲ್ಲ.

ನನ್ನ ಗಿರಾಕಿಗಳಲ್ಲಿ ಒಬ್ಬರು ಸ್ಕೂಲ್ ಟೀಚರ್. ಅವರು ಒಂದು ದಿನ, "ಈ ಗಿಣಿ ಸಾಕೋದು ಕಾನೂನಿಗೆ ವಿರುದ್ಧ, ಗೊತ್ತಾ ನಿಮಗೆ?" ಎಂದು ಕೇಳಿದರು. ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಇನ್ನೂ ಸಿಟ್ಟು ಬಂತು. ಅಷ್ಟು ವರ್ಷ ನಡುರಸ್ತೆಯ ಪಕ್ಕ, ಎಲ್ಲರ ಕಣ್ಣೆದುರಿಗೆ ಚೀಟಿ ಎತ್ತುತ್ತಿದ್ದಾಗ ಯಾರಿಗೂ ನೆನಪಾಗದ ಕಾನೂನು, ನನ್ನ ಹೊಸ್ತಿಲಿಗೆ ಬಂದ ಕೂಡಲೇ ನೆನಪಾಯಿತೇ? ಆದರೆ ಆ ಟೀಚರ್ ಬರೀ ಮಾತಾಡಿ ಹೋಗುವವರಲ್ಲ. ಹಕ್ಕಿಗಳನ್ನು ನೋಡಿಕೊಳ್ಳುವ ಕೇಂದ್ರವೊಂದರ ಡಾಕ್ಟರಮ್ಮನನ್ನು ಕರೆದುಕೊಂಡೇ ಬಂದರು. ಡಾಕ್ಟರಮ್ಮ ನೆಲದ ಮೇಲೆ ಕೂತು ಬಹಳ ಹೊತ್ತು ಡಬ್ಬಿಯೊಳಗೆ ನೋಡಿದರು. ರೆಕ್ಕೆಯನ್ನು ಮತ್ತೆ ಮತ್ತೆ ಕತ್ತರಿಸಿ ಬುಡವೇ ಹಾಳಾಗಿದೆ, ಇನ್ನು ಹಾರುವುದಿಲ್ಲ, ಹೊರಗೆ ಬಿಟ್ಟರೆ ಹದ್ದಿನ ಪಾಲು ಅಂದರು. "ನಮ್ಮಲ್ಲಿ ಹಾರಲಾಗದ ಗಿಣಿಗಳಿಗೇ ಅಂತ ದೊಡ್ಡ ಜಾಲರಿ ಮನೆ ಇದೆ. ಗಿಡ, ಕೊಂಬೆ, ಜೊತೆಗೆ ಬೇರೆ ಗಿಣಿಗಳು. ಆದರೆ ಇದನ್ನ ಈಗ ಎಳೆದು ತಗೊಂಡು ಹೋಗಿ ಅಲ್ಲಿ ಬಿಟ್ಟರೆ ಹೆದರಿಕೆಗೇ ಸತ್ತುಹೋಗುತ್ತೆ. ಸದ್ಯ ನಿಮ್ಮ ಹತ್ರಾನೇ ಇರಲಿ, ನಾನು ನಮ್ಮ ಪುಸ್ತಕದಲ್ಲಿ ಬರೆದುಕೊಂಡು ಹೋಗ್ತೀನಿ. ತಾನಾಗಿ ಈ ಡಬ್ಬಿ ಬಿಟ್ಟು ಬರೋದು ಕಲೀಲಿ, ಆಮೇಲೆ ಬಂದು ಕರ್ಕೊಂಡು ಹೋಗ್ತೀವಿ" ಅಂದರು.

ಅಂದಿನಿಂದ ಅದೊಂದು ಹಟವಾಯಿತು. ಹೊಲಿಗೆ ಯಂತ್ರದ ಪಕ್ಕದಲ್ಲಿ, ಯಂತ್ರದ ಎತ್ತರಕ್ಕೆ ಗೋಡೆಗೆ ತಾಗಿಸಿದ ಮಣೆಯ ಮೇಲೆ ಡಬ್ಬಿಯನ್ನು ಇಟ್ಟೆ. ನೇರವಾಗಿ ಕಣ್ಣಿಟ್ಟು ನೋಡಬಾರದು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಅದಕ್ಕೆ ಬೆನ್ನು ಮಾಡಿ ಹೊಲಿದೆ. ಹೊಲಿಯುತ್ತಾ ಬಾಯಿಗೆ ಬಂದದ್ದನ್ನು ಅದರೊಡನೆ ಮಾತಾಡಿದೆ: ಯಾರು ಕೊರಳು ಎಷ್ಟು ಇಳಿಸಲು ಹೇಳಿದರು, ಯಾರು ಹಳೆಯ ಅಳತೆಯನ್ನೇ ಕೊಟ್ಟು ಹೊಸ ಮೈ ಹೊತ್ತು ಬಂದರು, ಎಲ್ಲ. ಒಂದು ತಿಂಗಳಿಗೆ ಅದು ಯಂತ್ರದ ಸದ್ದಿಗೆ ಬೆಚ್ಚುವುದನ್ನು ಬಿಟ್ಟಿತು. ಎರಡನೆಯ ತಿಂಗಳು ನನ್ನ ಬೆರಳಿನಿಂದ ಭತ್ತದ ತೆನೆಯನ್ನು ಎಳೆದುಕೊಂಡಿತು. ಹೊರಗೆ ಮಾತ್ರ ಬರಲಿಲ್ಲ.

ಮಧ್ಯಾಹ್ನ ಬೇಕರಿಯಿಂದ ಬಂದ ಗಂಡ, ನಾನು ಡಬ್ಬಿಯ ಮುಂದೆ ಸೀಬೆಹಣ್ಣು ಹಿಡಿದು ಕೂತದ್ದನ್ನು ನೋಡಿ, "ಬರ್ಲಿಲ್ಲಂದ್ರ ಬಿಡು. ಒಳಗ ಆರಾಮ ಅದ. ನೀ ಯಾಕ ಇಷ್ಟು ತಲಿ ಕೆಡಿಸ್ಕೋತಿ?" ಅಂದರು.

"ಆರಾಮ ಅದ ಅಂತ ಅದು ನಿಮಗ ಹೇಳೇದೇನು?" ಎಂದು ಕೇಳಿದೆ. ಅವರು ಮುಖ ತೊಳೆಯಲು ಹೋದರು. ಮಾರನೆಯ ದಿನ ತಾವೇ ರಸ್ಕಿನ ಚೂರು ತಂದು ಡಬ್ಬಿಯ ಬಾಯಲ್ಲಿಟ್ಟು, ಅದು ಬರಲಿಲ್ಲವೆಂದು ಮುಖ ಸಣ್ಣಗೆ ಮಾಡಿಕೊಂಡರು. ಅದನ್ನು ನೋಡಿಯೂ ನೋಡದವಳ ಹಾಗೆ ಇದ್ದೆ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ವಾರವಿದ್ದಾಗ ನಮ್ಮಂಥವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ನನ್ನದೊಂದು ಪದ್ಧತಿ ಇದೆ. ಹಳೆಯ ಲಗ್ನಪತ್ರಿಕೆಗಳನ್ನು ಬೆರಳುದ್ದಕ್ಕೆ ಕತ್ತರಿಸಿ, ಹಿಂಬದಿಯಲ್ಲಿ ಒಬ್ಬೊಬ್ಬರ ಅಳತೆ ಬರೆದು, ಬಟ್ಟೆಯ ಜೊತೆ ಇಡುತ್ತೇನೆ. ಪುಸ್ತಕದಲ್ಲಿ ಬರೆದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಆ ದಿನ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡಲು ಚೀಟಿಗಳನ್ನೆಲ್ಲಾ ತೆಗೆದು ನೆಲದ ಮೇಲೆ ಉದ್ದಕ್ಕೆ ಒಂದಕ್ಕೊಂದು ಒರಗಿಸಿ ಜೋಡಿಸಿದೆ. ಕೈಗೆ ಸಿಗಲೆಂದು ಮಣೆಯ ಮೇಲಿದ್ದ ದಾರದ ಪೆಟ್ಟಿಗೆಯನ್ನು ತೆಗೆಯುವಾಗ ಅಡ್ಡವಾಯಿತೆಂದು ಡಬ್ಬಿಯನ್ನೂ ಕೆಳಗಿಳಿಸಿದೆ.

ಮರದ ಮೇಲೆ ಉಗುರು ಆಡುವ ಸದ್ದಾಯಿತು. ನೋಡುತ್ತೇನೆ, ಗಿಣಿ ಹೊರಗೆ ನಿಂತಿದೆ. ಏಳು ತಿಂಗಳು ಮೆಣಸಿನಕಾಯಿಗೂ ಬಾರದ್ದು, ಸೀಬೆಗೂ ಬಾರದ್ದು, ಯಾರೂ ಕರೆಯದೆ ಬಂದು ನಿಂತಿದೆ. ನನಗೆ ಕೂಗಬೇಕೆನಿಸಿತು, ಬಾಯಿ ಮುಚ್ಚಿಕೊಂಡೆ. ಗಿಣಿ ಆಚೆ ಈಚೆ ನೋಡದೆ ಚೀಟಿಗಳ ಸಾಲಿನುದ್ದಕ್ಕೂ ನಡೆಯಿತು. ಒಂದನ್ನು ಎಳೆದು ಬೀಳಿಸಿತು, ಇನ್ನೊಂದನ್ನು ಬೀಳಿಸಿತು, ಮೂರನೆಯದನ್ನು ಕೊಕ್ಕಿನಲ್ಲಿ ಹಿಡಿದು ನನ್ನ ಕಡೆ ತಿರುಗಿ ಕತ್ತೆತ್ತಿತು. ನಾನು ಸುಮ್ಮನೆ ಕೂತಿದ್ದೆ. ಅದು ಹಿಡಿದೇ ಇತ್ತು. ಕೊನೆಗೆ ಕೈ ಚಾಚಿದೆ. ಚೀಟಿಯನ್ನು ಅಂಗೈಗೆ ಹಾಕಿ, ನನ್ನ ಇನ್ನೊಂದು ಕೈಯನ್ನು ನೋಡಿತು. ಅದರಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದು, ತಿರುಗಿ ಡಬ್ಬಿಯೊಳಗೆ ಹೋಗಿ, ಬಾಗಿಲಿಗೆ ಬೆನ್ನು ಹಾಕಿ, ಬಾಗಿಲು ಬೀಳುವುದನ್ನೇ ಕಾಯುತ್ತಾ ನಿಂತಿತು.

ಆಗ ಅರ್ಥವಾಯಿತು. ಅದಕ್ಕೆ ಹೆದರಿಕೆ ಮಾತ್ರವಲ್ಲ. ಕೆಲಸವಿಲ್ಲದೆ ಹೊರಗೆ ಬರಬಹುದೆಂಬುದೇ ಅದಕ್ಕೆ ಗೊತ್ತಿಲ್ಲ.

ಅಲ್ಲಿಗೆ ಚೀಟಿಗಳನ್ನು ಎತ್ತಿಟ್ಟಿದ್ದರೆ ನಾನು ಒಳ್ಳೆಯವಳು. ಎತ್ತಿಡಲಿಲ್ಲ. ಏಳು ತಿಂಗಳು ಕಾದವಳಿಗೆ ಅದು ಹೊರಗೆ ಬಂದದ್ದೇ ದೊಡ್ಡದಾಗಿತ್ತು. ಮಾರನೆಯ ದಿನ ಬೇಕೆಂದೇ ಚೀಟಿ ಜೋಡಿಸಿದೆ, ಕೈಯಲ್ಲಿ ಭತ್ತ ಇಟ್ಟುಕೊಂಡೆ. ಬಂತು, ಎತ್ತಿತು, ತಿಂದಿತು, ಹೋಯಿತು. ಹೀಗೇ ಅಭ್ಯಾಸವಾಗಿ ಡಬ್ಬಿ ಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಬ್ಬದ ಗಡಿಬಿಡಿಯಲ್ಲಿ ಅದು ಎತ್ತಿದ ಚೀಟಿಯ ಬ್ಲೌಸನ್ನೇ ಮೊದಲು ಹೊಲಿಯುವುದು ಒಂದು ತಮಾಷೆಯಾಯಿತು. ಗಲ್ಲಿಯ ಹೆಂಗಸರಿಗೆ ಸುದ್ದಿ ಮುಟ್ಟಿತು. "ನನ್ ಚೀಟೀನ ಸ್ವಲ್ಪ ಮುಂದೆ ಇಡ್ರೀ" ಎಂದು ಕೇಳುವವರು ಬಂದರು. ನಾನೂ ನಕ್ಕೆ.

ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಪಕ್ಕದ ಕೋಣೆಯ ಹೂವಿನಮ್ಮ ಬಂದರು. ದೇವಸ್ಥಾನದ ಮುಂದೆ ಹೂ ಕಟ್ಟಿ ಮಾರುವವರು, ನನ್ನನ್ನು ಮಗಳ ಹಾಗೆ ಕಂಡವರು. ಸೆರಗಿನ ತುದಿಯಿಂದ ಎರಡು ಚೀಟಿ ತೆಗೆದು ನೆಲದ ಮೇಲಿಟ್ಟರು. ಒಂದರಲ್ಲಿ ಮಾಡು, ಇನ್ನೊಂದರಲ್ಲಿ ಬೇಡ ಎಂದು ಬರೆದಿತ್ತು. "ಮಗಳಿಗೆ ವೈಟ್‌ಫೀಲ್ಡ್ ಕಡೆಯಿಂದ ಒಂದು ಸಂಬಂಧ ಬಂದಿದೆ ಕಣೇ. ಗಿಣಿ ಎತ್ಲಿ, ನೋಡೋಣ" ಅಂದರು.

ನನ್ನ ಪಿತ್ತ ನೆತ್ತಿಗೇರಿತು. "ಹುಡುಗೀನ ಕೇಳಿದ್ರಾ ಮೊದಲು? ಬಾಳೋಳು ಅವಳು. ಇದಕ್ಕೇನ್ ಗೊತ್ತು? ಇದು ಹೊಟ್ಟೆಗೋಸ್ಕರ ಕಾಗದ ಎತ್ತುತ್ತೆ ಅಷ್ಟೆ. ಈ ಪಾಪದ ಜೀವದ ಹತ್ರ ಇನ್ನೂ ದುಡಿಸ್ಕೋಬೇಕಾ ನೀವು?"

ಹೂವಿನಮ್ಮ ಚೀಟಿಗಳನ್ನು ಎತ್ತಿಕೊಂಡು ಎದ್ದರು. ಸಿಟ್ಟಾಗಲಿಲ್ಲ. "ನನಗ್ ಹೇಳ್ತೀಯಲ್ಲ, ನೀನು ತಿಂಗಳಿಂದ ಏನ್ ಮಾಡ್ತಿದ್ದೀಯ? ಚೀಟಿ ಎತ್ತಿದ್ರೇನೇ ತಾನೇ ಕಾಳು ಹಾಕೋದು? ಆ ಮುದುಕಾನೂ ಅದನ್ನೇ ಮಾಡ್ತಿದ್ದ" ಅಂದು ಹೋದರು.

ಆ ದಿನ ಬ್ಲೌಸಿನ ಒಂದು ತೋಳನ್ನೂ ಸರಿಯಾಗಿ ಕೂರಿಸಲಾಗಲಿಲ್ಲ. ಹತ್ತು ವರ್ಷದವಳಿದ್ದಾಗ ಮನೆಯವರು ನನ್ನನ್ನು ಊರಿನಿಂದ ಕರೆತಂದು ಕೆ.ಆರ್. ಪುರದಲ್ಲಿ ನೆಂಟರೊಬ್ಬರ ಮನೆಯಲ್ಲಿ ಬಿಟ್ಟಿದ್ದರು. ಅವರದು ಹೊಲಿಗೆ ಮನೆ. ಬೆಳಿಗ್ಗೆ ಎದ್ದರೆ ನನ್ನ ಮುಂದೆ ಬ್ಲೌಸುಗಳ ರಾಶಿ. "ಇಷ್ಟಕ್ಕೆ ಹುಕ್ಸ್ ಹಾಕು, ಆಮೇಲೆ ಊಟ." ಹೊಡೆದವರಲ್ಲ, ಬೈದವರೂ ಅಲ್ಲ. ರಾಶಿ ಮುಗಿಯದೆ ತಟ್ಟೆ ಮಾತ್ರ ಬರುತ್ತಿರಲಿಲ್ಲ. ದೊಡ್ಡವಳಾದ ಮೇಲೂ ಗಂಡ ಊಟಕ್ಕೆ ಕರೆದರೆ, "ಇದೊಂದ್ ಮುಗಿಸಿ ಬರ್ತೀನಿ" ಅನ್ನುತ್ತಿದ್ದೆ. ಹಸಿದ ಕೂಡಲೇ ಎದ್ದು ಹೋಗಿ ಉಣ್ಣಬಹುದೆಂದು ನನ್ನ ಕೈಗಳಿಗೆ ಆಗಲೂ ಗೊತ್ತಿರಲಿಲ್ಲ. ಇಂಥ ನಾನೇ ಇನ್ನೊಂದು ಜೀವದ ಮುಂದೆ ಚೀಟಿ ಹರಡಿ ಕೂತಿದ್ದೆ. ತಾತನ ಮೇಲಿದ್ದ ಸಿಟ್ಟೆಲ್ಲಾ ನನ್ನ ಮೇಲೆ ತಿರುಗಿತು.

ಅಂದೇ ಚೀಟಿಗಳನ್ನು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಮುಚ್ಚಿದೆ. ಸ್ಟೀಲ್ ಬಟ್ಟಲಿನ ತುಂಬ ಭತ್ತ, ಇನ್ನೊಂದರಲ್ಲಿ ಹಣ್ಣು. ಎರಡೂ ಡಬ್ಬಿಯ ಬಾಯಲ್ಲಿ, ಹಗಲೂ ರಾತ್ರಿಯೂ. ಗಿಣಿ ಬಟ್ಟಲನ್ನು ನೋಡಿತು, ನನ್ನನ್ನು ನೋಡಿತು, ಹಗಲೆಲ್ಲಾ ಮುಟ್ಟಲಿಲ್ಲ; ರಾತ್ರಿ ದೀಪ ಆರಿಸಿದ ಮೇಲೆ ಮಾತ್ರ ನಾಲ್ಕು ಕಾಳು ಕಡಿಮೆಯಾಗುತ್ತಿತ್ತು. ಮೂರನೆಯ ದಿನ ಡಬ್ಬಿಯ ತಳಕ್ಕೆ ಹಾಸಿದ್ದ ಪೇಪರಿನಿಂದ ಒಂದು ಚೂರನ್ನು ಹರಿದು, ಕೊಕ್ಕಿನಲ್ಲಿ ಹಿಡಿದು, ಬಾಗಿಲ ತನಕ ಬಂದು ನನ್ನ ಕಡೆ ಚಾಚಿತು. ಕಾಳು ತುಂಬಿದ ಬಟ್ಟಲು ಕಾಲ ಬಳಿಯೇ ಇತ್ತು. ಅದನ್ನು ತಿನ್ನಲು ಒಂದು ಚೀಟಿ ಕೊಡಬೇಕು, ಚೀಟಿ ಸಿಗದಿದ್ದರೆ ತಾನೇ ಮಾಡಿಕೊಡಬೇಕು ಎಂದು ಅದಕ್ಕೆ ಕಲಿಸಿದವರು ಯಾರು? ನಾನು ಗೋಡೆಗೆ ಮುಖ ಮಾಡಿ ಅತ್ತೆ. ದುಃಖಕ್ಕಿಂತ ರೋಷವೇ ಹೆಚ್ಚಾಗಿತ್ತು.

ಚೂರನ್ನು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳದಿರುವುದು ಬಲು ಕಷ್ಟವಾಯಿತು. ಅದು ಬಹಳ ಹೊತ್ತು ಹಿಡಿದು ನಿಂತು, ಆಮೇಲೆ ಕೆಳಗೆ ಹಾಕಿತು. ಮಾರನೆಯ ದಿನ ಮತ್ತೆ ತಂದಿತು. ನಾನು ಬೆರಳಿನಿಂದ ಬಟ್ಟಲನ್ನು ಒಂದಿಷ್ಟು ಮುಂದಕ್ಕೆ ಸರಿಸಿ ಹೊಲಿಗೆಗೆ ತಿರುಗಿಕೊಂಡೆ. ಎಷ್ಟೋ ದಿನ ಹೀಗೇ ನಡೆಯಿತು. ದಸರೆಯ ಹೊತ್ತಿಗೆ ಹಗಲಲ್ಲೂ, ನಾನು ಬೆನ್ನು ತಿರುಗಿಸಿದಾಗ ತಿನ್ನತೊಡಗಿತು. ಆಮೇಲೆ ನಾನು ನೋಡುತ್ತಿದ್ದಾಗಲೂ ತಿಂದಿತು. ಪೇಪರ್ ಹರಿಯುವುದೇನೋ ನಿಲ್ಲಲಿಲ್ಲ, ನನಗೆ ಕೊಡುವುದು ನಿಂತಿತು. ಹರಿದು ಹರಿದು ಡಬ್ಬಿಯ ತುಂಬ ಚೂರು ಮಾಡಿ ಹಾಕತೊಡಗಿತು. ಅದು ಗಿಣಿಗಳ ಆಟವೆಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ಮನೆ ಗುಡಿಸುತ್ತಾ ನಾನು ಬೈದದ್ದೂ ಉಂಟು.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಯಂತ್ರ ನಿಲ್ಲಿಸಿ ಕಿಟಕಿಯ ಬೆಳಕಿನಲ್ಲಿ ಗುಂಡಿಯ ತೂತುಗಳಿಗೆ ಕಾಜಾ ಹಾಕುತ್ತಾ ಕೂತಿದ್ದೆ. ಉಗುರಿನ ಸದ್ದಾಯಿತು. ತಲೆಯೆತ್ತಲಿಲ್ಲ. ಗಿಣಿ ಹೊರಗೆ ಬಂದು, ಮಣೆಯಿಂದ ಯಂತ್ರದ ಹಲಗೆಗೆ ಕಾಲು ಚಾಚಿ ಹತ್ತಿ, ಬಟ್ಟೆಗೆ ಗುರುತು ಹಾಕುವ ನನ್ನ ನೀಲಿ ಸೀಮೆಸುಣ್ಣವನ್ನು ಕೊಕ್ಕಿನಲ್ಲೆತ್ತಿ ಎರಡು ತುಂಡು ಮಾಡಿತು. ನನ್ನ ಕಡೆ ನೋಡಲಿಲ್ಲ, ಏನನ್ನೂ ಕೊಡಲಿಲ್ಲ, ಏನನ್ನೂ ಕೇಳಲಿಲ್ಲ. ಆ ಸುಣ್ಣದ ಹುಡಿಯನ್ನು ನಾನು ಎರಡು ದಿನ ಒರೆಸಲಿಲ್ಲ. ಗಂಡ ಬಂದು ನೋಡಿ, "ಲುಕ್ಸಾನ ಮಾಡೇದಲ್ಲ ನಿನ್ನ ಗಿಳಿ" ಅಂದರು. ಅವರ ಮುಖ ಅರಳಿತ್ತು.

ಕಾರ್ತಿಕದ ಕೊನೆಯಲ್ಲಿ ತಾತ ಬಂದರು. ಕೈಯಲ್ಲಿ ಊರುಗೋಲು, ಕಂಕುಳಲ್ಲಿ ಅದೇ ಚಾಪೆ, ಅದೇ ಚೀಟಿಕಟ್ಟು. ಸೊರಗಿದ್ದರು. ಕಾಫಿ ಕೊಟ್ಟೆ. "ಮತ್ತೆ ಕೂರ್ತೀನಮ್ಮಾ. ಇದು ಬಿಟ್ರೆ ನಂಗೇನ್ ಬರುತ್ತೆ?" ಅಂದರು. ನಾನು ಡಾಕ್ಟರಮ್ಮ ಹೇಳಿದ್ದನ್ನೆಲ್ಲಾ ಹೇಳಿದೆ. ತಾತ ಅರ್ಧ ಕೇಳಿದರು, ಅರ್ಧ ಬಿಟ್ಟರು. "ಅದು ನನ್ ಮಗಳಮ್ಮಾ. ನಾನ್ ಕರೆದ್ರೆ ಬರುತ್ತೆ, ನೋಡು" ಎನ್ನುತ್ತಾ ಚಾಪೆ ಹಾಸಿ ಚೀಟಿಗಳನ್ನು ಜೋಡಿಸಿ, ಡಬ್ಬಿಯನ್ನು ಇಳಿಸಿಕೊಂಡರು.

"ವಾ ತಾಯಿ, ವಾ. ಅಮ್ಮನ ಹೆಸರಿಗೆ ಒಳ್ಳೇ ಚೀಟಿ ಒಂದು ತೆಗಿ."

ಗಿಣಿ ಬಂತು. ಹಿಂದಿನ ಹಾಗೆಯೇ ಸಾಲಿನುದ್ದಕ್ಕೂ ನಡೆದು, ಎರಡು ಬೀಳಿಸಿ, ಮೂರನೆಯದನ್ನು ಎತ್ತಿತು. ಲಕ್ಷ್ಮಿಯ ಚಿತ್ರವಿದ್ದ ಚೀಟಿ. ತಾತ ಒಂದು ಕೈ ಚಾಚಿದರು, ಇನ್ನೊಂದರಲ್ಲಿ ಕಾಳು ಹಿಡಿದರು. ಗಿಣಿ ಚೀಟಿಯನ್ನು ಕಾಲಿನಡಿ ಹಾಕಿಕೊಂಡು ಮೂಲೆಯಿಂದ ಹರಿಯತೊಡಗಿತು. ಅವಸರವಿಲ್ಲದೆ ಚೂರು ಚೂರು ಮಾಡಿ ಚಾಪೆಯ ಮೇಲೆ ಹರಡಿ, ಇನ್ನೊಂದನ್ನು ಎಳೆದುಕೊಂಡಿತು. ತಾತನ ಚಾಚಿದ ಕೈ ಹಾಗೇ ಇತ್ತು.

"ಕೆಡಿಸ್ಬಿಟ್ಟಿದ್ದೀಯಲ್ಲಮ್ಮಾ ಇದನ್ನ," ಅಂದರು.

"ಹೌದು ತಾತ, ಕೆಡಿಸಿದೀನಿ" ಅಂದೆ. ಆ ಮುಖ ನೋಡಿ ಪಾಪ ಅನ್ನಿಸಿತು. ಆದರೂ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ತಾತ ಉಳಿದ ಚೀಟಿಗಳನ್ನು ಒಂದೊಂದಾಗಿ ಆಯ್ದು ಕಟ್ಟಿಕೊಂಡರು. ಗಿಣಿ ಅಷ್ಟರಲ್ಲಿ ನನ್ನ ಸೀರೆಯ ನೆರಿಗೆ ಹಿಡಿದು ಮಂಡಿಯ ಮೇಲೆ ಹತ್ತಿ ಕೂತು ರೆಕ್ಕೆ ಕೆದರಿಕೊಳ್ಳುತ್ತಿತ್ತು. ಅವರು ಅದನ್ನೇ ಬಹಳ ಹೊತ್ತು ನೋಡಿದರು. ಅದು ಅವರ ಎದುರು ಹಾಗೆ ಸುಮ್ಮನೆ ಕೂತದ್ದು ಅದೇ ಮೊದಲಿರಬೇಕು.

"ಆ ಡಾಕ್ಟರಮ್ಮನ ಜಾಗಕ್ಕೆ ಹೋದ್ರೆ, ಅಲ್ಲಿ ಇದಕ್ಕೇನ್ ಕೆಲಸ?" ಎಂದು ಕೇಳಿದರು.

"ಏನೂ ಇಲ್ಲ ತಾತ."

"ಊಟ?"

"ಊಟ ಕೊಡ್ತಾರೆ."

ಅವರಿಗೆ ನಂಬಿಕೆ ಬರಲಿಲ್ಲ. ಖಾಲಿ ಡಬ್ಬಿಯನ್ನು ಎತ್ತಿಕೊಂಡು, ಬಾಗಿಲಿಗೆ ನಾನು ಚುಚ್ಚಿದ್ದ ಪಿನ್ನನ್ನು ಕಿತ್ತು ನನ್ನ ಕೈಗೆ ಕೊಟ್ಟು, ಗೋಲು ಊರಿಕೊಂಡು ಹೊರಟರು. ಒಳಗಿನಿಂದ ಗಂಡ ಊಟಕ್ಕೆ ಕರೆದರು. ಮತ್ತೆ ಕೆಲಸಕ್ಕೆಂದು ಎತ್ತಿಕೊಂಡ, ಅರ್ಧ ಹೊಲಿದ ತೋಳು ಕೈಯಲ್ಲಿತ್ತು. ಅದನ್ನು ಅಲ್ಲೇ ಇಟ್ಟು, ಗಿಣಿಯನ್ನು ಹೆಗಲ ಮೇಲೆ ಹತ್ತಿಸಿಕೊಂಡು ಎದ್ದು ಹೋಗಿ ಉಂಡೆ.